ಬಸವನಗುಡಿಯ ಹಳೆಯ ಮನೆ: ಸೋರುವ ತಾರಸಿಗೆ ಸಿಮೆಂಟ್ ಮದ್ದಲ್ಲ

ನ್ಯಾಷನಲ್ ಕಾಲೇಜಿನಿಂದ ಗಾಂಧಿ ಬಜಾರಿನ ಕಡೆ ನಡೆದರೆ ಅಪಾರ್ಟ್‌ಮೆಂಟ್‌ಗಳ ನಡುವೆ ಹಳೆಯ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಕಾಣುತ್ತವೆ. 1898ರ ಪ್ಲೇಗಿನ ಆಸುಪಾಸಿನಲ್ಲಿ, ಪೇಟೆಯ ಇಕ್ಕಟ್ಟು ತಪ್ಪಿಸಲು ಎಬ್ಬಿಸಿದ ಬಡಾವಣೆ ಇದು: ನೇರ ರಸ್ತೆ, ಸುತ್ತ ಜಾಗ ಬಿಟ್ಟ ಮನೆ, ಹಿಂದೆ ಶೌಚ ತೆಗೆಯುವವರು ಓಡಾಡುವ ಕನ್ಸರ್ವೆನ್ಸಿ ಓಣಿ. ಫೋಟೊ ತೆಗೆಯುವವರೆಲ್ಲ ಕಿಟಕಿಯ ಮೇಲಿನ ಮಂಕಿ ಟಾಪ್‌ಗೆ, ಅಂದರೆ ಮರದ ಚೂಪು ಮುಸುಕಿಗೆ, ಮರುಳಾಗುತ್ತಾರೆ. ಮನೆ ಉಳಿಯುವುದೋ ಬೀಳುವುದೋ ನಿರ್ಧಾರವಾಗುವುದು ಮಾತ್ರ ಮದ್ರಾಸ್ ತಾರಸಿಯಲ್ಲಿ, ಅಂದರೆ ಮರದ ತೊಲೆಯ ಮೇಲೆ ಇಟ್ಟಿಗೆ, ಸುಣ್ಣ ಹಾಕಿ ಕಟ್ಟಿದ ಚಪ್ಪಟೆ ಚಾವಣಿಯಲ್ಲಿ.

ಸುಮಾರು ಒಂದೂವರೆ ಅಡಿಗೊಂದು ತೇಗದ ತೊಲೆ. ಅದರ ಮೇಲೆ ಒಂದಿಂಚು ದಪ್ಪದ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ, ಸುಣ್ಣದ ಗಾರೆಯಲ್ಲಿ ಕೂರಿಸಿರುತ್ತಾರೆ. ಮೇಲೆ ಮೂರು-ನಾಲ್ಕು ಇಂಚು ಸುಣ್ಣ ಮತ್ತು ಇಟ್ಟಿಗೆ ಜಲ್ಲಿಯ ಕಾಂಕ್ರೀಟು, ಕೊನೆಗೆ ಚಪ್ಪಟೆ ಹೆಂಚು.

ಸೋರಿದ ಕೂಡಲೇ ಮೇಸ್ತ್ರಿ ಒಂದಿಂಚು ಸಿಮೆಂಟ್ ಬಳಿಯುತ್ತಾನೆ. ನೂರು ಚದರಡಿಗೆ ಅದೇ ಹತ್ತಿರಹತ್ತಿರ ಅರ್ಧ ಟನ್ ಭಾರ. ಕೆಲವು ಮನೆಗಳಲ್ಲಿ ಇಂಥ ಮೂರು ಪದರ ಸಿಕ್ಕುತ್ತವೆ. ಕೆಳಗಿನ ಮರ, ಸುಣ್ಣ ಬಿಸಿಲಿಗೆ ಮಳೆಗೆ ಅಲುಗಾಡುತ್ತವೆ, ಬಿಗಿ ಸಿಮೆಂಟ್ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಇಳಿದ ನೀರು ಮೇಲಕ್ಕೆ ಆರುವಂತಿಲ್ಲ. ಗೋಡೆಯೊಳಗೆ ಹೂತ ತೊಲೆಯ ತುದಿಗೆ ಹೋಗಿ ಸೇರುತ್ತದೆ. ತೊಲೆ ನಡುವೆ ಗಟ್ಟಿಯಾಗಿಯೇ ಕಾಣುತ್ತದೆ, ಕೊಳೆಯುವುದು ಆ ತುದಿಯಲ್ಲಿ. ಗೋಡೆಗೆ ತಾಗುವಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿ: ಅರ್ಧ ಇಂಚು ಸಲೀಸಾಗಿ ಇಳಿದರೆ, ಬೇರೆ ಏನನ್ನೂ ಮುಟ್ಟುವ ಮುನ್ನ ಕೆಳಗೆ ಆಸರೆ ಕಂಬ ಕೊಡಿ.

ಆಮೇಲೆ ಸಿಮೆಂಟ್ ಪದರಗಳನ್ನು ಕೈ ಉಳಿಯಲ್ಲೇ ಬಿಡಿಸಬೇಕು. ಬ್ರೇಕರ್ ಮೆಷಿನ್ ಬೇಡವೇ ಬೇಡ, ಅದರ ಕಂಪನಕ್ಕೆ ಅಂಚಿನ ಇಟ್ಟಿಗೆಗಳು ಉದುರುತ್ತವೆ. ಕೊಳೆತ ತುದಿ ಕತ್ತರಿಸಿ ಹೊಸ ಮರ ಜೋಡಿಸುವಾಗ ಗೋಡೆಯ ಗೂಡಿನಲ್ಲಿ ಅರ್ಧ ಇಂಚು ಗಾಳಿ ಸಂದು ಬಿಡಿ. ಸಿಮೆಂಟ್ ತುಂಬಿದರೆ ಕೆಲವೇ ವರ್ಷಕ್ಕೆ ಹಳೆಯ ಕಥೆ.

ಹೊಸ ಪದರಕ್ಕೆ ಕನಿಷ್ಠ ಒಂದು ವಾರ ನೆನೆದ ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ), ಮುಕ್ಕಾಲು ಇಂಚಿನ ಇಟ್ಟಿಗೆ ಜಲ್ಲಿ. ಅಳಲೆಕಾಯಿ-ಬೆಲ್ಲದ ನೀರು ಚಿಮುಕಿಸುತ್ತ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯಬೇಕು. ಕೊಡತಿ ಪುಟಿದು ವಾಪಸ್ ಬರುವ ತನಕ ಪದರ ಬಿಗಿದಿಲ್ಲ. ಹತ್ತಡಿಗೆ ಎರಡು ಇಂಚು ಇಳಿಜಾರು ಕೊಟ್ಟು, ಹತ್ತು ದಿನ ಒದ್ದೆ ಗೋಣಿಚೀಲ ಹೊದಿಸಿಡಿ. ಖರ್ಚು ಹೆಚ್ಚೇ, ಆಳು ಸಿಗುವುದೂ ಕಷ್ಟ. ಆದರೆ ಸೋರಿಕೆ ಎಂದು ಕರೆಸಿದ ಎಷ್ಟೋ ಕಡೆ ತಾರಸಿಯಲ್ಲಿ ದೋಷವೇ ಇರುವುದಿಲ್ಲ, ನೀರು ಹೋಗುವ ಕೊಳವೆ ಎಲೆಯಿಂದ ಕಟ್ಟಿರುತ್ತದೆ. ಅದನ್ನು ಮೇ ತಿಂಗಳಲ್ಲೇ ಬಿಡಿಸಿಟ್ಟುಕೊಳ್ಳಿ.