ನಿಮಿಷಕ್ಕೆ ಆರು ಉಸಿರು

ಹೊನ್ನಾವರ, ಕಾರವಾರ ಕಡೆಯ ಕ್ರೈಸ್ತರ ಮನೆಗಳಲ್ಲಿ ಸಂಜೆ ತೇರ್ಸ್, ಅಂದರೆ ಯೇಸುವಿನ ತಾಯಿ ಮರಿಯಮ್ಮನ ಜಪ, ಹೇಳುವ ರೂಢಿ ಇದೆ. ಕೈಯಲ್ಲಿ ಜಪಸರ, ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಿದರೆ ಉಳಿದವರು ಇನ್ನರ್ಧ ಹೇಳುತ್ತಾರೆ. ಘಟ್ಟದ ಮೇಲೆ, ಮುಂಡಗೋಡದ ಟಿಬೆಟಿಯನ್ ಕಾಲೊನಿಯಲ್ಲಿ ಮುದುಕ ಮುದುಕಿಯರು ಮಣಿ ಎಣಿಸುತ್ತ ‘ಓಂ ಮಣಿ ಪದ್ಮೇ ಹೂಂ’ ಎನ್ನುತ್ತಿರುತ್ತಾರೆ. ಎರಡೂ ನಮ್ಮ ಉತ್ತರ ಕನ್ನಡ ಜಿಲ್ಲೆಯದ್ದೇ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದವರು ಮಾತ್ರ ದೂರದ ಇಟಲಿಯವರು.

ಪಾವಿಯಾ ವಿಶ್ವವಿದ್ಯಾಲಯದ ಹೃದಯ ತಜ್ಞ ಲೂಚಿಯಾನೊ ಬೆರ್ನಾರ್ಡಿ ಮತ್ತು ಜೊತೆಗಾರರು 23 ಆರೋಗ್ಯವಂತರಿಗೆ ಒಮ್ಮೆ ಲ್ಯಾಟಿನ್ ಭಾಷೆಯ ಮರಿಯಮ್ಮನ ಪ್ರಾರ್ಥನೆ, ಇನ್ನೊಮ್ಮೆ ಈ ಮಣಿ ಮಂತ್ರ ಹೇಳಿಸಿದರು. ಉಸಿರು, ಹೃದಯ ಬಡಿತ, ರಕ್ತದೊತ್ತಡ ದಾಖಲಿಸಿದರು. ಫಲಿತಾಂಶ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯಾವುದನ್ನೇ ಹೇಳಲಿ, ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ಸುಮ್ನೆ ಕೂತಾಗ ಅದರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು.

ಆರೇ ಯಾಕೆ? ನಮ್ಮ ಕುತ್ತಿಗೆಯ ದೊಡ್ಡ ರಕ್ತನಾಳಗಳ ಗೋಡೆಯಲ್ಲಿ ಒತ್ತಡ ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿದರೆ ಮೆದುಳಿಗೆ ಸುದ್ದಿ ಹೋಗುತ್ತದೆ. ಮೆದುಳು ವೇಗಸ್ ನರದ ಮೂಲಕ ಹೃದಯದ ಬಡಿತ ತಗ್ಗಿಸುತ್ತದೆ. ಒತ್ತಡ ಇಳಿದರೆ ಮತ್ತೆ ಏರಿಸುತ್ತದೆ. ಈ ಹೊಂದಾಣಿಕೆಗೆ ತನ್ನದೇ ಲಯವಿದೆ, ಸುಮಾರು 10 ಸೆಕೆಂಡಿಗೆ ಒಂದು ಸುತ್ತು. ಉಸಿರು ಎಳೆದಾಗ ಬಡಿತ ಸ್ವಲ್ಪ ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ನಿಮಿಷಕ್ಕೆ 6 ಉಸಿರು ಎಂದರೂ 10 ಸೆಕೆಂಡಿಗೆ ಒಂದೇ ಅಲ್ವಾ? ಎರಡು ಲಯ ಕೂಡಿದಾಗ, ಸರಿಯಾದ ಹೊತ್ತಿಗೆ ತಳ್ಳಿದ ಜೋಕಾಲಿಯ ಹಾಗೆ ಏರಿಳಿತ ದೊಡ್ಡದಾಗುತ್ತದೆ. ಒತ್ತಡದ ಬದಲಾವಣೆಗೆ ಹೃದಯ ಇನ್ನೂ ಚುರುಕಾಗಿ ಸ್ಪಂದಿಸುತ್ತದೆ. ಇದನ್ನು ಓದಿ ಯಾರೂ ಬಿಪಿ ಮಾತ್ರೆ ಬಿಡಬೇಡಿ. ಆ ಅಧ್ಯಯನ ನೋಡಿದ್ದು ಹೇಳುವ ಹೊತ್ತಿನ ಪರಿಣಾಮವನ್ನು ಮಾತ್ರ.

ಹಾಗಾದರೆ ಭಕ್ತಿ, ಏಕಾಗ್ರತೆ, ವರ್ಷಗಟ್ಟಲೆ ಸಾಧನೆ ಇವಕ್ಕೆ ಏನೂ ಪಾತ್ರ ಇಲ್ವಾ? ಧ್ಯಾನದ ವಿಜ್ಞಾನ ತಿಣುಕಾಡುತ್ತಿರುವುದು ಇಲ್ಲಿಯೇ. ಈ ಪ್ರಶ್ನೆಗೂ ಮುಂಡಗೋಡಕ್ಕೂ ನಂಟಿದೆ. 1987ರಲ್ಲಿ ಧರ್ಮಶಾಲಾದಲ್ಲಿ ದಲೈ ಲಾಮಾ ಮತ್ತು ನರವಿಜ್ಞಾನಿ ಫ್ರಾನ್ಸಿಸ್ಕೊ ವರೇಲಾ ಮೊದಲಾದವರು ಶುರು ಮಾಡಿದ ‘ಮೈಂಡ್ ಅಂಡ್ ಲೈಫ್’ ಸಂವಾದ, 2013ರ ಜನವರಿಯಲ್ಲಿ ಇಲ್ಲಿನ ಡ್ರೆಪುಂಗ್ ಮಠದಲ್ಲಿ ಆರು ದಿನ ನಡೆಯಿತು. ಭೌತವಿಜ್ಞಾನಿಗಳು, ಮೆದುಳಿನ ತಜ್ಞರು, ಲಾಮಾಗಳು ಎದುರುಬದುರು ಕೂತು ಮಾತಾಡಿದರು. ಜಿಲ್ಲೆಯ ಮಕ್ಕಳಿಗೆ ಇದನ್ನು ಹೇಳಿಕೊಡಬೇಕು ಅನ್ನಿಸುತ್ತದೆ ನನಗೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ರಿಚರ್ಡ್ ಡೇವಿಡ್‌ಸನ್ ಮತ್ತು ಆಂಟೋನ್ ಲುಟ್ಜ್ 2004ರಲ್ಲಿ ಎಂಟು ಮಂದಿ ಬೌದ್ಧ ಸಾಧಕರ ತಲೆಗೆ, ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ ತಂತಿ ಹಚ್ಚಿ ನೋಡಿದ್ದರು. ಇವರು 10,000ದಿಂದ 50,000 ಗಂಟೆ ಧ್ಯಾನ ಮಾಡಿದವರು. ಕರುಣೆಯ ಧ್ಯಾನಕ್ಕೆ ಕೂತಾಗ ಅವರ ಮೆದುಳಲ್ಲಿ ಗಾಮಾ ಎಂಬ ವೇಗದ ಅಲೆಗಳು ಬಹಳ ಜೋರಾಗಿ ಎದ್ದವು. ಹೊಸಬರಲ್ಲಿ ಅಷ್ಟು ಕಾಣಲಿಲ್ಲ. ಆದರೆ ಧ್ಯಾನ ಮಾಡಿ ಮಾಡಿ ಮೆದುಳು ಹಾಗಾಯಿತೋ, ಅಂಥ ಮೆದುಳು ಇದ್ದವರೇ ಅಷ್ಟು ವರ್ಷ ಕೂತರೋ? ಮಠದ ಊಟ, ನಿದ್ದೆ, ದಿನಚರಿ ಎಲ್ಲವೂ ಬೇರೆ. ಇವುಗಳಲ್ಲಿ ಯಾವುದರ ಫಲ ಯಾವುದು ಎಂದು ಬಿಡಿಸುವುದು ಹೇಗೆ?

ಒಂದೇ ದಾರಿ, ಧ್ಯಾನ ಗೊತ್ತಿಲ್ಲದವರನ್ನು ತಗೊಂಡು, ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಹೋಲಿಸುವುದು. ಇದಕ್ಕೆ ಹೆಚ್ಚಾಗಿ ಬಳಸುವುದು ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ರೋಗಿಗಳಿಗೆಂದು ಶುರು ಮಾಡಿದ ಎಂಟು ವಾರದ ಧ್ಯಾನ ತರಬೇತಿ. 2011ರಲ್ಲಿ ಒಂದು ಸಣ್ಣ ಅಧ್ಯಯನ ಈ ಎಂಟು ವಾರದಲ್ಲಿ ಮೆದುಳಿನ ಕೆಲವು ಭಾಗಗಳ ಸಾಂದ್ರತೆ ಹೆಚ್ಚಿತು ಎಂದಿತ್ತು. ಪತ್ರಿಕೆಗಳು ಕುಣಿದಾಡಿದವು. 2022ರಲ್ಲಿ ಡೇವಿಡ್‌ಸನ್ ತಂಡ 218 ಜನರ ಮೇಲೆ ಅದನ್ನೇ ಮತ್ತೆ ಪರೀಕ್ಷಿಸಿತು. ಒಂದು ಗುಂಪಿಗೆ ಧ್ಯಾನ, ಇನ್ನೊಂದಕ್ಕೆ ವ್ಯಾಯಾಮ, ಸಂಗೀತ, ಆಹಾರದ ತರಬೇತಿ, ಮೂರನೆಯದಕ್ಕೆ ಏನೂ ಇಲ್ಲ. ಉಳಿದ ಗುಂಪುಗಳಲ್ಲಿ ಇಲ್ಲದ ಬದಲಾವಣೆ ಧ್ಯಾನದ ಗುಂಪಿನವರ ಮೆದುಳಿನ ರಚನೆಯಲ್ಲಿ ಕಾಣಲಿಲ್ಲ. ದಶಕಗಳ ಕಾಲ ಧ್ಯಾನದ ಹಿಂದೆ ಬಿದ್ದ ಮನುಷ್ಯ, ತನ್ನ ಕ್ಷೇತ್ರಕ್ಕೆ ಬೇಡವಾದ ಉತ್ತರವನ್ನು ತಾನೇ ಪ್ರಕಟಿಸಿದ. ಈ ಕೆಲಸದ ಬಗ್ಗೆ ನನಗೆ ತುಂಬ ಗೌರವ.

ಉಪಯೋಗವೇ ಇಲ್ಲ ಎಂದು ಇದರ ಅರ್ಥವಲ್ಲ. ಧ್ಯಾನದ 47 ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2014ರ ವಿಶ್ಲೇಷಣೆಯಲ್ಲಿ ಆತಂಕ, ಖಿನ್ನತೆ, ನೋವು ತಕ್ಕಮಟ್ಟಿಗೆ ಕಡಿಮೆಯಾಗಿದ್ದು ಕಂಡಿತು. ವ್ಯಾಯಾಮಕ್ಕಿಂತ, ಔಷಧಿಗಿಂತ ಮೇಲು ಎನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ಖಿನ್ನತೆ ಮತ್ತೆ ಮತ್ತೆ ಬರುವವರಿಗೆ ಧ್ಯಾನ ಸೇರಿಸಿದ ಚಿಕಿತ್ಸೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ ಶಿಫಾರಸು ಮಾಡುತ್ತದೆ. ಅದೇ ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾ ಮಕ್ಕಳಲ್ಲಿ ಧ್ಯಾನದ ತರಬೇತಿ ಪ್ರಯತ್ನಿಸಿದಾಗ, ಶಾಲೆಯ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವಿಲೋಬಿ ಬ್ರಿಟನ್ ಮತ್ತು ಜೊತೆಗಾರರು ಧ್ಯಾನದಲ್ಲಿ ತೊಂದರೆ ಅನುಭವಿಸಿದವರ ಮಾತನ್ನು ಕೇಳಿ 2017ರಲ್ಲಿ ಬರೆದರು. ಭಯ, ನಿದ್ದೆಗೇಡು, ತಾನು ತಾನಲ್ಲ ಎಂಬ ಭಾವ, ಎಲ್ಲವೂ ಅದರಲ್ಲಿದೆ. ದಿನಕ್ಕೆ ಹತ್ತು ನಿಮಿಷ ನಿಧಾನವಾಗಿ ಉಸಿರಾಡುವುದು ಬೇರೆ, ಹತ್ತು ದಿನ ಮಾತು ಬಿಟ್ಟು ಬೆಳಿಗ್ಗೆಯಿಂದ ರಾತ್ರಿವರೆಗೆ ಕೂರುವುದು ಬೇರೆ. ಶಿರಸಿಯಲ್ಲೋ ಕುಮಟಾದಲ್ಲೋ ಶಿಬಿರಕ್ಕೆ ಹೆಸರು ಬರೆಸುವ ಮುಂಚೆ, ನಡುವೆ ಯಾರಿಗಾದರೂ ಹೀಗಾದರೆ ಏನು ಮಾಡುತ್ತೀರಿ ಎಂದು ನಡೆಸುವವರನ್ನು ಕೇಳಿ. ಮನಸ್ಸಿನ ಕಾಯಿಲೆಗೆ ಔಷಧಿ ತಗೊಳ್ಳುತ್ತಿದ್ದರೆ ನಿಮ್ಮ ಡಾಕ್ಟರಿಗೆ ತಿಳಿಸಿಯೇ ಹೋಗಿ, ಮಾತ್ರೆಯನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಿ.