ಮಿಶ್ರಚಾಪು ತಾಳಕ್ಕೆ ಕಂಬ ನಿಲ್ಲಿಸಬಹುದೇ?

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ಮನೆ ಕಟ್ಟಿಸುತ್ತಿದ್ದೇವೆ, ಒಂದು ಕೋಣೆ ಸಂಗೀತ ಪಾಠಕ್ಕೆ. ಗೋಡೆ ಮೇಲೆ ವೀಣೆಯ ಚಿತ್ರ ಬೇಡ. ಕಟ್ಟಡದಲ್ಲೇ ಸಂಗೀತ ಇರಬೇಕು. ಸಾಧ್ಯವೇ?

ಸಾಧ್ಯ. ಆದರೆ ರಾಗದಿಂದ ಶುರುಮಾಡಬೇಡಿ. ತೋಡಿಗೆ ಯಾವ ಬಣ್ಣ, ಕಲ್ಯಾಣಿಗೆ ಎಂಥ ಛಾವಣಿ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ತಾಳಕ್ಕಾದರೆ ಲೆಕ್ಕವಿದೆ, ಆ ಲೆಕ್ಕ ಮೇಸ್ತ್ರಿಯ ಟೇಪಿಗೂ ದಕ್ಕುತ್ತದೆ.

ತಾಳ ತರಲು ಜಗಲಿಯ ಕಂಬಸಾಲೇ ಸರಿಯಾದ ಜಾಗ, ಏಕೆಂದರೆ ಅಲ್ಲಿ ಜನ ನಡೆಯುತ್ತಾರೆ. ನಿಧಾನವಾಗಿ ನಡೆಯುವಾಗ ಹೆಜ್ಜೆ ಸುಮಾರು 2 ಅಡಿ. ಅದನ್ನೇ ಒಂದು ಅಕ್ಷರ, ಅಂದರೆ ತಾಳದ ಒಂದು ಎಣಿಕೆ ಎನ್ನಿ. ಮಿಶ್ರಚಾಪು ಏಳು ಅಕ್ಷರದ ತಾಳ: ‘ತಕಿಟ ತಕ ದಿಮಿ’, ಅಂದರೆ 3+2+2. ಕಂಬಗಳ ಅಂತರ 6, 4, 4 ಅಡಿ, ಒಂದು ಆವರ್ತಕ್ಕೆ, ಅಂದರೆ ತಾಳದ ಪೂರ್ತಿ ಒಂದು ಸುತ್ತಿಗೆ 14 ಅಡಿ. 42 ಅಡಿ ಜಗಲಿಯಲ್ಲಿ 3 ಆವರ್ತ, ಒಟ್ಟು 10 ಕಂಬ. ಅಳತೆ ಕಂಬದ ನಡುವಿನಿಂದ ನಡುವಿಗೆ ಇರಲಿ. ಅಂಚಿನಿಂದ ಅಂಚಿಗೆ ಹಿಡಿದರೆ 9 ಇಂಚಿನ ಕಂಬಗಳ ದಪ್ಪ ಕೂಡುತ್ತಾ ಹೋಗಿ, ಕೊನೆಯ ಕಂಬ 6 ಅಡಿ 9 ಇಂಚು ಆಚೆ ನಿಲ್ಲುತ್ತದೆ. ಜಾಗ ಉಳಿಸಲು ಅಕ್ಷರವನ್ನು ಒಂದೂವರೆ ಅಡಿಗೆ ಇಳಿಸಬೇಡಿ. ಕಿರಿದಾದ ಸಂದಿನಲ್ಲಿ 2 ಅಡಿ 3 ಇಂಚಷ್ಟೇ ಉಳಿದು ಗಾಲಿಕುರ್ಚಿ ದಾಟುವುದು ಕಷ್ಟ.

6 ಅಡಿ ಅಂತರಕ್ಕೆ ಕಂಬಗಳ ಮೇಲಿನ ಬೀಮು ಎಷ್ಟು ದಪ್ಪ ಬೇಕೋ ಅಷ್ಟೇ ಉದ್ದಕ್ಕೂ ಇರಲಿ. 4 ಅಡಿ ಕಡೆ ಕಡಿಮೆ ಮಾಡಿದರೆ ಕಣ್ಣು ಕಂಬ ಬಿಟ್ಟು ಆ ಏರಿಳಿತಕ್ಕೇ ಹೋಗುತ್ತದೆ. ಒಂಬತ್ತು ಅಕ್ಷರದ ಸಂಕೀರ್ಣಚಾಪುವಿನ 4+5 ಬೇಡ: 8 ಅಡಿಗೂ 10 ಅಡಿಗೂ ವ್ಯತ್ಯಾಸ ನಡೆಯುವವರಿಗೆ ಹತ್ತುವುದಿಲ್ಲ. ಪಾಯ ತೆಗೆಯುವ ಮೊದಲು ಸುಣ್ಣದ ಪುಡಿಯಲ್ಲಿ ಗುರುತು ಹಾಕಿ, ಗೂಟ ನೆಟ್ಟು, ತಾಳ ಹಾಕುತ್ತಾ ನಡೆದು ನೋಡಿ. ಬಿಡುವಿದ್ದಾಗ ನಂದಿಯ ಭೋಗನಂದೀಶ್ವರ ಗುಡಿಯ ಕಂಬಗಳ ಸಾಲಿನಲ್ಲೂ ಹೀಗೇ ನಡೆಯಿರಿ.

ಬಹಳ ಮಂದಿ ಮರೆಯುವ ಸಂಗತಿಯೊಂದಿದೆ. ಹಾಡು ಮುಂದಕ್ಕೇ ಸಾಗುತ್ತದೆ. ಜಗಲಿಯಲ್ಲಿ ಹೋದವರು ತಿರುಗಿ ಬರುತ್ತಾರೆ. ಬರುವಾಗ ಅದೇ ಕಂಬಗಳು 2+2+3, ಅಂದರೆ ವಿಲೋಮ ಚಾಪು. ನನ್ನ ಮಟ್ಟಿಗೆ ಇದು ದೋಷವಲ್ಲ, ಈ ವಿನ್ಯಾಸದ ಸೊಗಸೇ ಇದು. ಆದರೆ ಸಮ, ಅಂದರೆ ಆವರ್ತ ಶುರುವಾಗುವ ಜಾಗ, ಎಲ್ಲಿ ಎಂದು ತಿಳಿಯಲೇಬೇಕು, ಇಲ್ಲವಾದರೆ ಅಳತೆ ತಪ್ಪಿದ ಕಂಬಸಾಲು ಎಂದುಕೊಳ್ಳುತ್ತಾರೆ. ಪ್ರತಿ ಆವರ್ತದ ಮೊದಲ ಕಂಬ ಕಲ್ಲಿನದಾಗಿ, ಉಳಿದವು ಮರದ್ದಾದರೆ ಸಾಕು.

ಗಮಕದಲ್ಲಿ ಸ್ವರದಿಂದ ಸ್ವರಕ್ಕೆ ಜಾರುವಂಥ ಜಾರು ಕಟ್ಟಡದಲ್ಲಿ ಬೇಕೆಂದರೆ ದಾರಿ ಬೇರೆ. ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಕಚೇರಿಯಲ್ಲಿದ್ದ ಸಂಗೀತಗಾರ, ಎಂಜಿನಿಯರ್ ಯಾನಿಸ್ ಕ್ಸೆನಾಕಿಸ್, ತಂತಿವಾದ್ಯಗಳ ಜಾರುಸ್ವರಗಳನ್ನು ನೇರ ಗೆರೆಗಳಾಗಿ ಬರೆದಿದ್ದರು. ಅದೇ ಯೋಚನೆ 1958ರ ಬ್ರಸೆಲ್ಸ್ ವಿಶ್ವಮೇಳದ ಫಿಲಿಪ್ಸ್ ಪೆವಿಲಿಯನ್‌ಗೆ ಬಂತು: ನೇರ ಗೆರೆಗಳು ಓರೆಯಾಗುತ್ತಾ ಸಾಗಿ ತಿರುಚಿದ ಕಾಂಕ್ರೀಟ್ ಮೈಗಳಾದವು. ಮನೆಗೆ ಅದು ದುಬಾರಿ.

ಪಾಠದ ಕೋಣೆಯ ಸದ್ದನ್ನು ಮಾತ್ರ ಬೇರೆಯಾಗಿಯೇ ಲೆಕ್ಕ ಹಾಕಿ. 6 ಮೀಟರ್ ಉದ್ದ, 4.5 ಅಗಲ, 3 ಎತ್ತರದ ಕೋಣೆಗೆ ಗ್ರಾನೈಟ್ ನೆಲ, ಗಾರೆ ಗೋಡೆ ಇದ್ದರೆ, ಕಿಟಕಿ ಮುಚ್ಚಿ ಖಾಲಿ ಇರುವಾಗ ಸದ್ದು ಅಡಗಲು ಮೂರು ಸೆಕೆಂಡ್ ದಾಟುತ್ತದೆ. ದ್ರುತದ, ಅಂದರೆ ವೇಗದ ಹಾಡಿಕೆಯ ಸ್ವರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. 6 ಚದರ ಮೀಟರ್ ಕಿಟಕಿ ತೆರೆದು ಹತ್ತು ಮಕ್ಕಳು ಕೂತರೆ ಸುಮಾರು ಒಂದು ಸೆಕೆಂಡಿಗೆ ಇಳಿಯುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚುವುದರಿಂದ ದಪ್ಪ ಜಮಖಾನವನ್ನೂ ಮಡಿಕೆ ಬಿದ್ದ ಪರದೆಯನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿ.