ಎದೆನೋವು ಅಂತ ಫೋನ್ ಮಾಡಿದರೆ ಫೈರ್ ಎಂಜಿನ್ ಯಾಕೆ ಬರುತ್ತದೆ?

ಪ್ರಶ್ನೆ: ಅಮೆರಿಕದ ಸಿಯಾಟಲ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ನಮ್ಮ ಯಜಮಾನರಿಗೆ ಎದೆನೋವು ಬಂತು. 911ಕ್ಕೆ ಫೋನ್ ಮಾಡಿದರೆ ಮೊದಲು ಬಂದದ್ದು ದೊಡ್ಡ ಫೈರ್ ಎಂಜಿನ್! ಆಂಬ್ಯುಲೆನ್ಸ್ ಬಂದದ್ದು ಆಮೇಲೆ. ಬೆಂಕಿಯೇ ಇಲ್ಲದ ಕಡೆ ಅದೇಕೆ?

ಉತ್ತರ: ಅದು ದಾರಿ ತಪ್ಪಿ ಬಂದದ್ದಲ್ಲ. ನಮ್ಮಲ್ಲಿ 108 ಆರೋಗ್ಯ ಇಲಾಖೆಯ ಕಡೆಯದು, ಬೆಂಕಿಗೆ 101 ಬೇರೆ. ಸಿಯಾಟಲ್‌ನಲ್ಲಿ ಎರಡನ್ನೂ ಅಗ್ನಿಶಾಮಕ ದಳವೇ ನೋಡಿಕೊಳ್ಳುತ್ತದೆ. ಅದಕ್ಕೆ ಬರುವ ಕರೆಗಳಲ್ಲಿ ಬಹುಪಾಲು ಕಾಯಿಲೆ, ಗಾಯಗಳದ್ದೇ. ಬೆಂಕಿಯದ್ದು ಕಡಿಮೆ.

ಇದು ಶುರುವಾದದ್ದು 1970ರಲ್ಲಿ. ಹಾರ್ಬರ್‌ವ್ಯೂ ಆಸ್ಪತ್ರೆಯ ಹೃದಯತಜ್ಞ ಡಾ. ಲೆನಾರ್ಡ್ ಕಾಬ್ ಮತ್ತು ಅಗ್ನಿಶಾಮಕ ಮುಖ್ಯಸ್ಥ ಗಾರ್ಡನ್ ವಿಕರಿ ಸೇರಿ ‘ಮೆಡಿಕ್ ಒನ್’ ಎಂಬ ತುರ್ತು ಚಿಕಿತ್ಸೆಯ ಸೇವೆ ಕಟ್ಟಿದರು. ಅದಕ್ಕೂ ಮೊದಲು ಉತ್ತರ ಐರ್ಲೆಂಡ್‌ನ ಬೆಲ್‌ಫಾಸ್ಟ್‌ನಲ್ಲಿ ಡಾಕ್ಟರನ್ನೇ ಗಾಡಿಯಲ್ಲಿ ರೋಗಿಯ ಮನೆಗೆ ಕಳಿಸುವ ಪ್ರಯೋಗ ನಡೆದಿತ್ತು. ಆದರೆ ಊರಿನ ಮೂಲೆಮೂಲೆಗೂ ಅಷ್ಟು ಡಾಕ್ಟರ್‌ಗಳನ್ನು ಎಲ್ಲಿಂದ ತರೋದು? ಫೈರ್ ಸ್ಟೇಷನ್‌ಗಳು ಆಗಲೇ ಎಲ್ಲ ಬಡಾವಣೆಗಳಲ್ಲೂ ಇದ್ದವು. ಅಲ್ಲಿ ಹಗಲು ರಾತ್ರಿ ಜನ ಇರುತ್ತಾರೆ, ಗಾಡಿ ಇದೆ, ರೇಡಿಯೋ ಇದೆ. ಹಾಗಾಗಿ ಕಾಬ್ ಅದೇ ದಳದವರಿಗೆ ಹೃದಯದ ಚಿಕಿತ್ಸೆ ಕಲಿಸಿದರು.

ಈಗ ವ್ಯವಸ್ಥೆ ಎರಡು ಹಂತದ್ದು. ದಳದ ಎಲ್ಲರೂ ‘ಇಎಂಟಿ’ಗಳು, ಅಂದರೆ ಪ್ರಥಮ ಹಂತದ ತುರ್ತು ಚಿಕಿತ್ಸೆ ಕಲಿತವರು. ಕರೆ ಬಂದ ತಕ್ಷಣ ಹತ್ತಿರದ ಗಾಡಿ ಹೊರಡುತ್ತದೆ, ಅದು ಎಂಜಿನ್ನೇ ಆಗಿರಲಿ. ಸ್ಥಿತಿ ಗಂಭೀರ ಅನಿಸಿದರೆ ಜೊತೆಗೇ ಇಬ್ಬರು ಪ್ಯಾರಾಮೆಡಿಕ್‌ಗಳ ಮೆಡಿಕ್ ಗಾಡಿಯೂ ಹೊರಡುತ್ತದೆ. ಇವರೂ ದಳದವರೇ. ವಾಷಿಂಗ್ಟನ್ ವಿಶ್ವವಿದ್ಯಾಲಯ ಮತ್ತು ಹಾರ್ಬರ್‌ವ್ಯೂನಲ್ಲಿ ಹೆಚ್ಚುವರಿಯಾಗಿ ತಿಂಗಳುಗಟ್ಟಲೆ ತರಬೇತಿ ಪಡೆದಿರುತ್ತಾರೆ.

ಇಷ್ಟು ಆತುರ ಯಾಕೆ ಅಂದರೆ, ಎದೆಬಡಿತ ನಿಂತ ಮೇಲೆ ಯಾರೂ ಎದೆ ಒತ್ತದಿದ್ದರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತದೆ. ಕೈಗಳೂ ಜಾಸ್ತಿ ಬೇಕು. ಎದೆ ಒತ್ತುವವರು ಬೇಗ ಸುಸ್ತಾಗುತ್ತಾರೆ, ಎರಡೆರಡು ನಿಮಿಷಕ್ಕೆ ಬದಲಾಗಬೇಕು. ಇನ್ನೊಬ್ಬರು ಉಸಿರು ಕೊಡಬೇಕು, ಮತ್ತೊಬ್ಬರು ಶಾಕ್ ಕೊಡುವ ಯಂತ್ರ ಹಚ್ಚಬೇಕು. ಆಮೇಲೆ ಮೂರನೇ ಮಹಡಿಯಿಂದ ಸ್ಟ್ರೆಚರ್ ಇಳಿಸುವವರಾರು? ಇಬ್ಬರಿಂದ ಆಗುವ ಮಾತಲ್ಲ.

ಸರಿ, ಜನ ಬರಲಿ, ಅಷ್ಟು ದೊಡ್ಡ ಗಾಡಿ ಯಾಕೆ? ಇದು ಎಲ್ಲರೂ ಕೇಳುವ ಮಾತು. ದಳದವರು ನಿಮ್ಮ ಮನೆಯಲ್ಲಿರುವಾಗಲೇ ಪಕ್ಕದ ಬೀದಿಯಲ್ಲಿ ಬೆಂಕಿ ಬಿದ್ದರೆ? ಸ್ಟೇಷನ್‌ಗೆ ವಾಪಸ್ ಹೋಗಿ ಎಂಜಿನ್ ತರುವಷ್ಟು ಹೊತ್ತು ಇರುವುದಿಲ್ಲ. ಬಿಡುವಾದ ಕೂಡಲೇ ಅಲ್ಲಿಂದಲೇ ನೇರ ಹೊರಡಬೇಕು. ನೀರು, ಪೈಪು ಎಲ್ಲ ಅದರಲ್ಲೇ ಇರುತ್ತವೆ.

ಹಾಗಂತ ಇದರಲ್ಲಿ ಕೊರತೆ ಇಲ್ಲ ಅಂತಲ್ಲ. ಸಣ್ಣಪುಟ್ಟದ್ದಕ್ಕೂ ಎಂಜಿನ್ ಓಡಿಸುವುದು ದಂಡ ಅಂತ ನನಗೂ ಅನಿಸುತ್ತದೆ. ಅದಕ್ಕೇ 2019ರಲ್ಲಿ ‘ಹೆಲ್ತ್ ಒನ್’ ಅಂತ ಸಣ್ಣ ತಂಡ ಮಾಡಿದರು. ತುರ್ತಲ್ಲದ ಕರೆಗಳಿಗೆ ದಳದವರ ಜೊತೆ ಸಮಾಜ ಸೇವಾ ಕಾರ್ಯಕರ್ತರೊಬ್ಬರು ಹೋಗುತ್ತಾರೆ. ಎಲ್ಲ ನಗರದಲ್ಲೂ ಇದೇ ಪದ್ಧತಿ ಇಲ್ಲ. ನ್ಯೂಯಾರ್ಕ್ 1996ರಲ್ಲಿ ಆಂಬ್ಯುಲೆನ್ಸ್ ಸೇವೆಯನ್ನು ಅಗ್ನಿಶಾಮಕ ಇಲಾಖೆಗೆ ಸೇರಿಸಿತು. ಆದರೆ ಅಲ್ಲಿ ಆಂಬ್ಯುಲೆನ್ಸ್‌ನವರು ಬೇರೆ, ಬೆಂಕಿ ಆರಿಸುವವರು ಬೇರೆ. ಇಬ್ಬರ ಸಂಬಳವೂ ಒಂದೇ ಅಲ್ಲ, ಆ ಅಸಮಾಧಾನ ಇವತ್ತಿಗೂ ಇದೆ.

ಇನ್ನೊಂದು ಮಾತು. ಸಿಯಾಟಲ್‌ನಲ್ಲಿ ಸ್ಥಿತಿ ಅಷ್ಟು ಗಂಭೀರ ಇಲ್ಲದಿದ್ದರೆ ಆಸ್ಪತ್ರೆಗೆ ಕರೆದೊಯ್ಯುವುದು ಸಾಮಾನ್ಯವಾಗಿ ಖಾಸಗಿ ಆಂಬ್ಯುಲೆನ್ಸ್. ಅದರ ಬಿಲ್ ಬೇರೆ ಬರುತ್ತದೆ. ಮುಂದಿನ ಸಲ ಹೋಗುವಾಗ ಪ್ರಯಾಣದ ವಿಮೆಯಲ್ಲಿ ಆಂಬ್ಯುಲೆನ್ಸ್ ಖರ್ಚು ಸೇರಿದೆಯಾ ಅಂತ ಮಗಳ ಹತ್ತಿರ ಓದಿಸಿ ನೋಡಿಕೊಳ್ಳಿ.